ಹಳೆಯ ರಕ್ತದ ಸಾಕ್ಷಿ

ಯಂತ್ರ ಕೈಯ ಚಿತ್ರ ಬಿಡಿಸಲು ಶುರುಮಾಡಿದಾಗ ಡಾ. ವಾರಿಜಾ ತಡಕೋಡ ಚಹಾದ ಕಪ್ಪನ್ನು ಬದಿಗಿಟ್ಟಳು. ಮೊದಲು ಮಣಿಕಟ್ಟು ಮೂಡಿತು. ಆಮೇಲೆ ಅಂಗೈಯ ಎಲುಬುಗಳು, ಬೆರಳಿನ ಗೆಣ್ಣುಗಳು ಒಂದೊಂದಾಗಿ ಪರದೆಯ ಮೇಲೆ ಬಂದು ಕೂತವು. ಅಲ್ಲಿಯವರೆಗೆ ಅದು ಯಾವುದೇ ಆರೋಗ್ಯವಂತರ ಕೈಯಾಗಬಹುದಿತ್ತು. ನಂತರ ಪರದೆಯ ಮೂಲೆಯಲ್ಲಿ ವರ್ಷಗಳು ಓಡತೊಡಗಿದವು. ಗೆಣ್ಣುಗಳು ಊದಿದವು. ಎಲುಬಿನ ಅಂಚುಗಳು ಇಲಿ ಕಡಿದಂತೆ ಸವೆದವು. ನಾಲ್ಕು ಬೆರಳೂ ಕಿರುಬೆರಳಿನ ಕಡೆಗೆ ವಾಲಿಕೊಂಡವು. ಹತ್ತನೆಯ ವರ್ಷಕ್ಕೆ ಚಿತ್ರ ನಿಂತಾಗ ಅದು ನೀರಿನ ಲೋಟವನ್ನೂ ಹಿಡಿಯಲಾರದ ಕೈಯಾಗಿತ್ತು.

ಚಿತ್ರದ ಕೆಳಗೆ ಹೆಸರಿರಲಿಲ್ಲ. ಒಂದು ಸಂಕೇತ ಸಂಖ್ಯೆ ಇತ್ತು, ಅಷ್ಟೆ. ಅದು ಯಾರ ರಕ್ತವೆಂದು ವಾರಿಜಾಳಿಗೂ ಗೊತ್ತಾಗಕೂಡದು ಎಂಬುದೇ ಪ್ರಯೋಗದ ನಿಯಮ.

ಧಾರವಾಡದ ಆ ಸಂಧಿವಾತ ಸಂಶೋಧನಾ ಕೇಂದ್ರದಲ್ಲಿ ಎಲ್ಲರೂ ಯಂತ್ರವನ್ನು ‘ಹಸ್ತರೇಖೆ’ ಎಂದೇ ಕರೆಯುತ್ತಿದ್ದರು. ಯಾರೋ ತಮಾಷೆಗೆ ಇಟ್ಟ ಹೆಸರು ಅಂಟಿಕೊಂಡುಬಿಟ್ಟಿತ್ತು. ಅದನ್ನು ರೂಪಿಸಲು ವಾರಿಜಾ ತನ್ನ ಮೂವತ್ತರ ಹರೆಯವನ್ನೆಲ್ಲ ಸವೆಸಿದ್ದಳು. ನಮ್ಮ ರಕ್ತದಲ್ಲಿರುವ ಪ್ರತಿಕಾಯಗಳ ಕೆಲಸ ಹೊರಗಿನಿಂದ ಬಂದ ರೋಗಾಣುಗಳನ್ನು ಗುರುತಿಸಿ ಹಿಡಿಯುವುದು. ರುಮಟಾಯ್ಡ್ ಸಂಧಿವಾತದಲ್ಲಿ ಅವು ದಾರಿ ತಪ್ಪುತ್ತವೆ. ದೇಹದ್ದೇ ಪ್ರೋಟೀನಿನಲ್ಲಾದ ಒಂದು ಚಿಕ್ಕ ಬದಲಾವಣೆಯನ್ನು ಕಂಡು, ಇದು ನಮ್ಮದಲ್ಲ ಎಂದು ತಿಳಿದು, ಕೀಲುಗಳ ಮೇಲೆ ಮುಗಿಬೀಳುತ್ತವೆ. ಹಳೆಯ ಪರೀಕ್ಷೆಗಳು ಅಂಥ ಪ್ರತಿಕಾಯ ಇದೆಯೋ ಇಲ್ಲವೋ, ಇದ್ದರೆ ಎಷ್ಟಿದೆ ಎಂದು ಹೇಳಿ ಸುಮ್ಮನಾಗುತ್ತಿದ್ದವು. ಹಸ್ತರೇಖೆ ಇನ್ನೂ ಮುಂದಕ್ಕೆ ಹೋಗುತ್ತಿತ್ತು. ಆ ಪ್ರತಿಕಾಯಗಳು ಯಾವ ಯಾವ ಪ್ರೋಟೀನುಗಳನ್ನು ಯಾವ ಕ್ರಮದಲ್ಲಿ ಗುರುತಿಸಲು ಕಲಿಯುತ್ತಿವೆ, ಅವುಗಳ ಬಾಲಕ್ಕೆ ಅಂಟಿದ ಸಕ್ಕರೆಯ ಸರಗಳು ಉದ್ದವಾಗಿವೆಯೋ ಮೊಟಕಾಗಿವೆಯೋ ಎಂದೆಲ್ಲ ಓದಿ, ರೋಗ ಯಾವ ಕೀಲಿಗೆ ಯಾವಾಗ ಹೋಗುತ್ತದೆಂದು ಲೆಕ್ಕಹಾಕುತ್ತಿತ್ತು. ಮಾಮೂಲಿ ಗುಳಿಗೆಗಳನ್ನಷ್ಟೇ ನುಂಗುತ್ತಿದ್ದರೆ ಹತ್ತು ವರ್ಷಕ್ಕೆ ಕೈ ಹೇಗಾಗಿರುತ್ತದೆ ಎಂದು ಬಿಡಿಸಿ ತೋರಿಸುತ್ತಿತ್ತು.

ಅದು ನಿಜ ಹೇಳುತ್ತಿದೆಯೇ ಎಂಬುದು ಮಾತ್ರ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಸಂಧಿವಾತ ಈಗಷ್ಟೇ ಶುರುವಾದವರ ರಕ್ತ ತೆಗೆದು, ಯಾವ ಚಿತ್ರ ಯಾರದೆಂಬುದನ್ನು ಮೊಹರು ಮಾಡಿ, ಮೂರು ವರ್ಷ ಕಾದು, ಚಿತ್ರದಂತೆಯೇ ಕೈಗಳು ಕೆಡುತ್ತವೆಯೇ ಎಂದು ನೋಡುವುದು ಪ್ರಯೋಗದ ಯೋಜನೆ. ಕಾಗದದ ಮೇಲೆ ಅದು ಸರಿಯಾಗಿಯೇ ಕಂಡಿತ್ತು.

ಆದರೆ ಮೊಹರಾದ ಆ ಚಿತ್ರಗಳ ನಡುವೆ ಎಲ್ಲೋ ವಾರಿಜಾಳ ಅಕ್ಕನ ಚಿತ್ರವೂ ಇತ್ತು.

ಇಂದುಮತಿ ಹುಟ್ಟುಕಿವುಡಿ. ವಾರಿಜಾಳಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ವಾರಿಜಾಳ ಮೊದಲ ಮಾತು ಬಾಯಿಂದ ಬಂದದ್ದಲ್ಲ. ತೊಟ್ಟಿಲಲ್ಲಿ ಮಲಗಿ ಅಕ್ಕನ ಕೈಗಳನ್ನು ನೋಡಿ ನೋಡಿ, ಹಾಲು ಬೇಕೆಂದು ಕೈಯಲ್ಲೇ ಕೇಳಿದ್ದಳಂತೆ. ಇಬ್ಬರೂ ಮದುವೆಯ ಗೋಜಿಗೆ ಹೋಗದೆ ಧಾರವಾಡದ ಸಪ್ತಾಪುರದ ಒಂದು ಮನೆಯಲ್ಲಿ ಒಟ್ಟಿಗಿದ್ದರು. ಇಂದಕ್ಕ ಹುಬ್ಬಳ್ಳಿಯ ಕಿವುಡ ಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ದಿನವಿಡೀ ಕೈಯಲ್ಲೇ ಮಾತು, ಕೈಯಲ್ಲೇ ಬೈಗುಳ, ಕೈಯಲ್ಲೇ ನಗೆಚಾಟಿಕೆ. ಕೈಮಾತಿಗೂ ಊರಿನ ಧಾಟಿ ಎಂಬುದಿರುತ್ತದೆ. ಇಂದಕ್ಕನದು ಅಪ್ಪಟ ಧಾರವಾಡದ್ದು, ಬೀಸು ಜಾಸ್ತಿ, ನಾಜೂಕು ಕಡಿಮೆ.

ಆ ಸಂಜೆ ವಾರಿಜಾ ಮನೆಗೆ ಬಂದಾಗ ಇಂದಕ್ಕ ಬಿಸಿನೀರಿನ ಬೋಗುಣಿಯಲ್ಲಿ ಎರಡೂ ಕೈ ಅದ್ದಿಕೊಂಡು ಕೂತಿದ್ದಳು. ತಂಗಿಯನ್ನು ಕಂಡು ಕೈ ಒರೆಸಿಕೊಂಡು ಮಾತಿಗೆ ತೊಡಗಿದಳು.

‘ಇವತ್ತ ಹುಡುಗ್ರು ನಕ್ಕರು. ಅಪೂರ್ಣಾಂಕ ಹೇಳಾಕ ಹೋದೆ, ಕೈ ಬ್ಯಾರೆ ಏನೋ ಹೇಳಿತು.’

‘ಏನು ಹೇಳಿತು?’

‘ಹೇಳಬಾರದ್ದು.’

ಇಬ್ಬರೂ ನಕ್ಕರು. ಇಂದಕ್ಕ ನಗು ನಿಲ್ಲಿಸಿ ಬಲಗೈಯನ್ನು ಮುಷ್ಟಿ ಕಟ್ಟಿ ತೋರಿಸಿದಳು. ಅದು ಪೂರ್ತಿ ಮುಚ್ಚಲಿಲ್ಲ. ಮುಚ್ಚಿದ ಮುಷ್ಟಿಗೂ ಅರೆತೆರೆದ ಮುಷ್ಟಿಗೂ ಅವಳ ಭಾಷೆಯಲ್ಲಿ ಅರ್ಥವೇ ಬೇರೆ.

‘ಮುಂಜಾನೆ ಎದ್ದ ಕೂಡಲೇ ಕೈ ತೊದಲತಾವು. ಹತ್ತು ಹೊಡಿಯೂತನಾ ನನ್ನ ಮಾತು ನನಗ ತಿಳಿಯಂಗಿಲ್ಲ. ಆಸ್ಪತ್ರಿಯವರ ಪರೀಕ್ಷಾದಾಗ ಅಂಥಾದ್ದೇನೂ ಇಲ್ಲಂತ. ನಿಮ್ಮ ಯಂತ್ರ ಏನಂತು?’

‘ಗೊತ್ತಿಲ್ಲಕ್ಕಾ.’

‘ಗೊತ್ತಿಲ್ಲೋ, ಗೊತ್ತು ಮಾಡ್ಕೊಳಾಂಗಿಲ್ಲೋ?’

ವಾರಿಜಾ ಬೋಗುಣಿ ಎತ್ತಿಕೊಂಡು ನೀರು ಚೆಲ್ಲಲು ಹೋದಳು. ಅಕ್ಕನ ಮುಂದೆ ಸುಳ್ಳು ಹೇಳುವುದು ಅವಳಿಂದ ಎಂದೂ ಆಗಿರಲಿಲ್ಲ. ಬಾಯಿಗಿಂತ ಬೆರಳು ಬೇಗ ಸಿಕ್ಕಿಬೀಳುತ್ತದೆ. ಆದರೆ ಇದು ಸುಳ್ಳೂ ಆಗಿರಲಿಲ್ಲ. ಬಂದ ಚಿತ್ರಗಳಲ್ಲಿ ಕೆಲವು ಸೌಮ್ಯವಾಗಿದ್ದವು. ಮೂರು ಮಾತ್ರ ಭಯಂಕರವಾಗಿದ್ದವು. ಆ ಮೂರರಲ್ಲಿ ಅಕ್ಕನದೂ ಇದೆಯೇ ಎಂದು ತಿಳಿಯಲು ಒಂದು ಗುಪ್ತಪದ ಒಡೆದರೆ ಸಾಕಿತ್ತು. ಒಡೆದರೆ ಪ್ರಯೋಗವೇ ಹಾಳು. ಅಕ್ಕನೊಬ್ಬಳಿಗೆ ದಾರಿ ಸಿಕ್ಕು, ಉಳಿದವರಿಗೆಲ್ಲ ಬಾಗಿಲು ಮುಚ್ಚುತ್ತದೆ.

ಮರುದಿನ ಅವಳು ನಿರ್ದೇಶಕ ಡಾ. ಬಿಂದುಮಾಧವ ಕಟ್ಟಿಯವರ ಕೋಣೆಗೆ ಹೋದಳು.

“ಸರ್, ಮೂರು ವರ್ಷ ಕಾಯೋದು ಬ್ಯಾಡ. ಮೊಹರು ತಗೀರಿ.”

ಕಟ್ಟಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಕೂಡ್ರಿ. ಯಾಕ?”

“ಹೊಸ ಚಿಕಿತ್ಸೆ ಐತಲ್ರಿ. ತಪ್ಪು ಪ್ರತಿಕಾಯ ತಯಾರು ಮಾಡೋ ಕೋಶಗಳನ್ನಷ್ಟ ಹುಡುಕಿ ಅಳಿಸೋದು. ರೋಗ ಎಳೇದಿದ್ದಾಗ ಕೊಟ್ರ ಮಾತ್ರ ಅದು ಫಲಿಸ್ತದ. ನಾವು ಮೂರು ವರ್ಷ ಕುಂತು, ಕೈ ಡೊಂಕಾದ ಮ್ಯಾಲೆ ‘ನಮ್ಮ ಯಂತ್ರ ಖರೇ ಹೇಳಿತ್ತು’ ಅಂತ ಚಪ್ಪಾಳಿ ಹೊಡ್ಕೋಬೇಕೇನ್ರಿ?”

“ಮತ್ತ ಸುಳ್ಳು ಹೇಳಿದ್ದರ?” ಕಟ್ಟಿಯವರ ದನಿ ಏರಲಿಲ್ಲ. “ಆ ಚಿಕಿತ್ಸಾ ಅಂದ್ರ ಹುಡುಗಾಟ ಅಲ್ಲ. ವಾರಗಟ್ಟಲೆ ಗಾಜಿನ ಕೋಣ್ಯಾಗ ಇರಬೇಕು. ಒಂದು ನೆಗಡಿ ಹತ್ತಿದ್ರೂ ಜೀವಕ್ಕ ಬರ್ತದ. ನಾ ಸಣ್ಣ ಡಾಕ್ಟರ್ ಇದ್ದಾಗ ನಮ್ಮ ವಾರ್ಡಿನ್ಯಾಗ ಒಬ್ಬ ಹುಡುಗಿ ಇದ್ದಳು. ಯಾವುದೋ ಅರೆಬೆಂದ ಪರೀಕ್ಷಾ ನಂಬಿ ಅಕಿಗೆ ಜೋರಿನ ಔಷಧ ಹಾಕಿದ್ರು. ಕ್ಷಯ ಆಗಿ ಹೋದಳು. ಅಕಿಗೆ ಸಂಧಿವಾತ ಇರಲೇ ಇಲ್ಲ. ಅಕಿ ಅವ್ವ ಬಂದು ನನ್ನ ಕೇಳಿದ್ಲು, ಮತ್ತ ಯಾಕ ಕೊಟ್ರಿ ಅಂತ. ನಿಮ್ಮ ಯಂತ್ರ ಖರೇ ಹೇಳ್ತದ ಅಂತ ನನಗ ತೋರಸ್ರಿ. ಅವತ್ತೇ ಮೊಹರು ತಗೀತೀನಿ.”

ವಾರಿಜಾ ಹೊರಬಂದಳು. ಸಿಟ್ಟು ಬಂದಿತ್ತು, ಆದರೆ ಕಟ್ಟಿಯವರ ಮಾತಿನಲ್ಲಿ ತಪ್ಪು ಹುಡುಕಿದರೂ ಸಿಗದೆ ಇನ್ನಷ್ಟು ಸಿಟ್ಟು ಬಂತು.

ಮುಂದಿನ ಕೆಲವು ವಾರಗಳಲ್ಲಿ ಮನೆಯ ಮಾತು ಕಡಿಮೆಯಾಯಿತು. ಇಂದಕ್ಕ ಮುನಿಸಿಕೊಂಡಿದ್ದಲ್ಲ. ಮಾತು ಅವಳಿಗೆ ನೋಯುತ್ತಿತ್ತು. ದೊಡ್ಡ ವಾಕ್ಯಗಳು ಚಿಕ್ಕವಾದವು, ಬೈಗುಳಗಳು ನಿಂತವು. ಒಂದು ಭಾನುವಾರ ವಾರಿಜಾ ಏನೋ ಹಾಸ್ಯ ಮಾಡಿದಾಗ ಇಂದಕ್ಕ ಉತ್ತರ ಕೊಡಲು ಕೈ ಎತ್ತಿ, ಹಾಗೆಯೇ ಇಳಿಸಿ, ಬರಿದೇ ಮುಗುಳ್ನಕ್ಕಳು. ಅಕ್ಕ ಜವಾಬು ಕೊಡದೆ ಬಿಟ್ಟದ್ದನ್ನು ವಾರಿಜಾ ಕಂಡದ್ದು ಅದೇ ಮೊದಲು. ಅವಳು ಎದ್ದು ಒಳಗೆ ಹೋಗಿ ಮುಖ ತೊಳೆದುಕೊಂಡಳು.

ಉಪಾಯ ಹೊಳೆದದ್ದು ಕೇಂದ್ರದ ನೆಲಮಾಳಿಗೆಯಲ್ಲಿ. ಹೊಸ ಮಾದರಿಗಳನ್ನಿಡಲು ಶೀತಪೆಟ್ಟಿಗೆಯಲ್ಲಿ ಜಾಗ ಮಾಡುತ್ತಿದ್ದಳು. ಹಿಂದಿನ ಸಾಲಿನಲ್ಲಿ ಹಿಮ ಕಟ್ಟಿದ ಪುಟ್ಟ ಕೊಳವೆಗಳು ಸಾವಿರಗಟ್ಟಲೆ ಇದ್ದವು. ಆ ಕಟ್ಟಡದಲ್ಲಿ ಮೊದಲು ರಕ್ತನಿಧಿ ಇತ್ತು. ದಾನ ಕೊಟ್ಟ ಪ್ರತಿಯೊಬ್ಬರ ರಕ್ತದಲ್ಲೂ ಒಂದು ಹನಿಯನ್ನು ಮುಂದಿನ ಸಂಶೋಧನೆಗೆಂದು ಎತ್ತಿಟ್ಟಿದ್ದರು. ಹನ್ನೆರಡು ವರ್ಷದ ಹಿಂದಿನ ರಕ್ತ. ಬಿಸಾಡಲು ಯಾರಿಗೂ ಮನಸ್ಸಾಗಿರಲಿಲ್ಲ, ಬಳಸಲು ಯಾರಿಗೂ ಕಾರಣ ಸಿಕ್ಕಿರಲಿಲ್ಲ.

ವಾರಿಜಾ ಕೈಗವಸಿನಲ್ಲಿ ಒಂದು ಕೊಳವೆ ಹಿಡಿದು ನಿಂತಳು. ಸಂಧಿವಾತದ ಪ್ರತಿಕಾಯಗಳು ನೋವು ಶುರುವಾಗುವ ಎಷ್ಟೋ ವರ್ಷ ಮೊದಲೇ ರಕ್ತದಲ್ಲಿ ಕಾಣಿಸಿಕೊಳ್ಳುತ್ತವೆ. ಇಷ್ಟು ಜನರಲ್ಲಿ ಕೆಲವರ ರಕ್ತದಲ್ಲಾದರೂ ಅವು ಅಂದೇ ಇದ್ದಿರಬೇಕು. ಆ ಕೆಲವರು ಇಂದು ಎಲ್ಲೋ ಇದ್ದಾರೆ, ಅವರ ಕೈಗಳಿಗೆ ಆಗುವುದೆಲ್ಲ ಆಗಿಹೋಗಿದೆ. ಮುಂದಿನ ಹತ್ತು ವರ್ಷಕ್ಕಾಗಿ ಕಾಯುವ ಅಗತ್ಯವೇ ಇಲ್ಲ. ಹಿಂದಿನ ಹತ್ತು ವರ್ಷ ಆಗಲೇ ಕಳೆದಿದೆ!

ಅವಳು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಕಟ್ಟಿಯವರ ಕೋಣೆಯ ಬಾಗಿಲು ತಟ್ಟದೆಯೇ ಒಳನುಗ್ಗಿದಳು. ಅವರು ಕೇಳಿಸಿಕೊಂಡರು. ಕನ್ನಡಕ ಹಾಕಿಕೊಂಡು ಒಂದು ಹಾಳೆ ಎಳೆದುಕೊಂಡರು.

“ಚಿತ್ರ ಎಲ್ಲಾ ಮೊದಲ ಬರಬೇಕು,” ಎಂದರು. “ಬಂದು ನನ್ನ ಕಪಾಟಿನ್ಯಾಗ ಬೀಗದೊಳಗ ಇರಬೇಕು. ಆಮ್ಯಾಲೆ ಅವರನ್ನ ಹುಡುಕಿ, ಒಪ್ಪಿದವರನ್ನಷ್ಟ ಕರೀಬೇಕು. ಕೈ ನೋಡೋ ಡಾಕ್ಟರು ಹೊರಗಿನವರಿರಬೇಕು, ಅವರು ಚಿತ್ರ ನೋಡಿರಬಾರದು. ಹಿಂಗ ಆಗೂದಿದ್ರ ನಾ ಒಪ್ತೀನಿ.”

“ಹಂಗ ಮಾಡೂಣ್ರಿ ಸರ್.”

“ಮತ್ತ ನೀವು ಊಟ ಮಾಡಿ ಬರ್ರಿ. ಮಾರಿ ನೋಡ್ಕೊಂಡೀರೇನು?”

ಹಳೆಯ ರಕ್ತವನ್ನು ಓದುವುದರಲ್ಲಿ ಮಳೆಗಾಲ ಕಳೆಯಿತು. ಬಹುಪಾಲು ಕೊಳವೆಗಳಲ್ಲಿ ಹಸ್ತರೇಖೆಗೆ ಹೇಳುವಂಥದ್ದೇನೂ ಸಿಗಲಿಲ್ಲ. ಕೆಲವರ ರಕ್ತಕ್ಕೆ ಮಾತ್ರ ಅದು ಕೆಡುವ ಕೈಯ ಚಿತ್ರ ಬಿಡಿಸಿತು. ದೀಪಾವಳಿ ಮುಗಿದ ಮೇಲೆ, ಒಪ್ಪಿದವರೆಲ್ಲ ಒಂದು ದಿನ ಕೇಂದ್ರಕ್ಕೆ ಬಂದರು. ಹೊರಗಿನ ವೈದ್ಯರು ಅವರ ಕೈ ಮುಟ್ಟಿ, ಮಡಚಿ, ಕ್ಷ-ಕಿರಣದ ಚಿತ್ರ ತೆಗೆದು, ಕಂಡದ್ದನ್ನು ಬರೆದು ಕೊಟ್ಟರು. ಆಮೇಲೆ ಕಟ್ಟಿಯವರು ಕಪಾಟು ತೆರೆದರು.

ಅವರ ಕೋಣೆಗೆ ಮೊದಲು ಬಂದವರು ನೂರ್‌ಅಹ್ಮದ್ ಬಳಿಗಾರ. ಬಸ್ಸುಗಳು ಚಾಲಕರಿಲ್ಲದೆ ತಾವೇ ಓಡತೊಡಗುವ ಮೊದಲು ಚಾಲಕರಾಗಿದ್ದವರು. ಯಂತ್ರದ ಚಿತ್ರದಲ್ಲಿ ಅವರ ಎಡ ಮಣಿಕಟ್ಟು ಅಷ್ಟಿಷ್ಟು ಊದಿತ್ತು, ಬೆರಳುಗಳೆಲ್ಲ ನೆಟ್ಟಗಿದ್ದವು.

“ಎಡಗೈ ಆಗಾಗ ಕಿರಿಕಿರಿ ಮಾಡತೈತ್ರಿ,” ಎಂದರು ಅವರು, ಮಣಿಕಟ್ಟು ತಿರುಗಿಸುತ್ತ. “ಗುಳಗಿ ತಗೊಂಡ್ರ ಹೋಗತೈತಿ. ಇದಕ್ಕ್ಯಾಕ ಇಷ್ಟ್ ಮಂದಿ ಡಾಕ್ಟರು?”

ವಾರಿಜಾ ಕ್ಷ-ಕಿರಣದ ಚಿತ್ರವನ್ನು ಯಂತ್ರದ ಚಿತ್ರದ ಪಕ್ಕಕ್ಕಿಟ್ಟಳು. ಎರಡರಲ್ಲೂ ಅದೇ ಕೈ. ಕಟ್ಟಿಯವರು ಮುಂದಿನದನ್ನು ತೆಗೆದರು. ಅದೂ ಹೊಂದಿತು. ಅದರ ಮುಂದಿನದೂ ಹೊಂದಿತು. ಒಬ್ಬರದು ತಪ್ಪಿತು, ಯಂತ್ರ ಹೇಳಿದ್ದಕ್ಕಿಂತ ಅವರ ಕೈ ಚೆನ್ನಾಗಿತ್ತು. ಕೇಳಿದರೆ ಆಕೆಗೆ ಮೊದಲ ವರ್ಷವೇ ಬೇರೆ ಊರಿನಲ್ಲಿ ಜೋರಿನ ಚಿಕಿತ್ಸೆ ಸಿಕ್ಕಿತ್ತು ಎಂದು ತಿಳಿಯಿತು. ಕಟ್ಟಿಯವರು ಅಲ್ಲಿ ಮೊದಲ ಬಾರಿ ಹೌದೆಂದು ತಲೆಯಾಡಿಸಿದರು.

ಮಧ್ಯಾಹ್ನದ ಹೊತ್ತಿಗೆ ಗಿರಿಜವ್ವ ಹೂಗಾರ ಬಂದಳು. ಹುಬ್ಬಳ್ಳಿಯಲ್ಲಿ ಮಾಲೆ ಕಟ್ಟಿ ಮಾರುತ್ತಿದ್ದವಳು. ಓಣಿಯ ಹೆಂಗಸೊಬ್ಬಳಿಗೆ ಹೆರಿಗೆಯಲ್ಲಿ ಬಹಳ ರಕ್ತ ಹೋಗಿದ್ದಾಗ ಓಣಿಯವರೆಲ್ಲ ಬಂದು ದಾನ ಕೊಟ್ಟಿದ್ದರು, ಇವಳೂ ಕೊಟ್ಟಿದ್ದಳು. ಈಗ ಅವಳ ನಾಲ್ಕು ಬೆರಳೂ ಕಿರುಬೆರಳಿನ ಕಡೆಗೆ ವಾಲಿದ್ದವು. ಮಗಳು ಅವಳ ಸೆರಗನ್ನು ಸರಿಪಡಿಸಿ ಪಕ್ಕದಲ್ಲಿ ಕೂತಳು. ಮಗಳಿಗೆ ಇಪ್ಪತ್ತಿರಬಹುದು, ಈಗ ಮಾಲೆ ಕಟ್ಟುವವಳು ಅವಳೇ.

ವಾರಿಜಾ ಹಿಂಜರಿಯುತ್ತಲೇ ಚಿತ್ರವನ್ನು ತೋರಿಸಿದಳು. ಗಿರಿಜವ್ವ ಕಣ್ಣು ಕಿರಿದುಮಾಡಿ ನೋಡಿದಳು.

“ಇದು ನನ್ನ ಕೈನ ಐತಲ್ರಿ! ಈ ಫೋಟೋ ಯಾವಾಗ ತಗದ್ರಿ?”

“ಫೋಟೋ ಅಲ್ಲವ್ವಾ. ನೀವು ಹನ್ನೆರಡು ವರ್ಷದ ಹಿಂದ ಕೊಟ್ಟ ರಕ್ತ ನೋಡಿ ಯಂತ್ರ ಬರದದ್ದು.”

“ಅವಾಗ ನನ್ನ ಕೈ ಛಲೋ ಇದ್ದೂವಲ್ಲ.”

“ಕೈ ಛಲೋ ಇದ್ದೂವು. ರಕ್ತಕ್ಕ ಗೊತ್ತಿತ್ತು.”

ಈಕೆ ಅಳುತ್ತಾಳೆ, ಇಲ್ಲವೇ ಬಯ್ಯುತ್ತಾಳೆ ಎಂದು ವಾರಿಜಾ ಕಾದಳು. ಗಿರಿಜವ್ವ ಎರಡನ್ನೂ ಮಾಡಲಿಲ್ಲ. ಡೊಂಕಾದ ಕೈಯಿಂದ ಮಗಳ ರಟ್ಟೆ ಹಿಡಿದು ಮುಂದಕ್ಕೆ ತಳ್ಳಿದಳು.

“ಈಕೀದು ನೋಡ್ರಿ. ಈಗಿಂದೀಗ ನೋಡ್ರಿ.”

ವಾರಿಜಾ ಕಟ್ಟಿಯವರ ಮುಖ ನೋಡಿದಳು. “ನೋಡ್ರಿ, ತಗೀರಿ,” ಎಂದರು ಅವರು. ಮಗಳ ರಕ್ತ ತೆಗೆದು ಯಂತ್ರಕ್ಕೆ ಹಾಕಿದರು.

ಪರದೆಯ ಮೇಲೆ ಮಗಳ ಕೈ ಮೂಡಿತು. ವರ್ಷಗಳು ಓಡತೊಡಗಿದವು. ಎರಡು, ನಾಲ್ಕು, ಏಳು. ಗೆಣ್ಣುಗಳು ಇದ್ದ ಹಾಗೆಯೇ ಇದ್ದವು. ಹತ್ತನೆಯ ವರ್ಷಕ್ಕೆ ಚಿತ್ರ ನಿಂತಾಗ ಕೈ ಮೊದಲಿನಷ್ಟೇ ನೆಟ್ಟಗಿತ್ತು. ಗಿರಿಜವ್ವ ಗಟ್ಟಿಯಾಗಿ ನಕ್ಕಳು.

“ಇನ್ನೊಮ್ಮೆ ಹಚ್ಚರಿ,” ಎಂದಳು. “ಇನ್ನೊಮ್ಮೆ ನೋಡೂಣು.”

ಇನ್ನೊಮ್ಮೆ ಹಚ್ಚಿದರು. ಅವಳು ಮತ್ತೆ ನಕ್ಕಳು. ಹೊರಗಿನಿಂದ ಬಂದಿದ್ದ ವೈದ್ಯರೂ ನಕ್ಕರು. ಆ ಸಂಜೆ ಕಟ್ಟಿಯವರು ಉಸ್ತುವಾರಿ ಸಮಿತಿಯ ಮುಂದೆ ಎಲ್ಲ ಚಿತ್ರಗಳನ್ನೂ ಜೋಡಿಜೋಡಿಯಾಗಿ ಹರಡಿದರು. ಸಮಿತಿಯವರು ಕೇಳಿದ ಪ್ರಶ್ನೆಗಳಿಗೆಲ್ಲ ತಾವೇ ಉತ್ತರ ಕೊಟ್ಟರು. ವಾರಿಜಾಳಿಗೆ ಬಾಯಿ ತೆರೆಯುವ ಪ್ರಸಂಗವೇ ಬರಲಿಲ್ಲ. ಮರುದಿನ ಮೊಹರು ಒಡೆಯಿತು.

ಭಯಂಕರವಾದ ಆ ಮೂರರಲ್ಲಿ ಒಂದು ಇಂದುಮತಿಯದೇ ಆಗಿತ್ತು.

ವಾರಿಜಾ ಅದನ್ನು ಮನೆಗೆ ತಂದಳು. ಊಟದ ಮೇಜಿನ ಮೇಲಿಟ್ಟು ಅಕ್ಕನ ಕಡೆಗೆ ಸರಿಸಿದಳು. ಇಂದಕ್ಕ ಚಿತ್ರವನ್ನು ನೋಡಿದಳು. ತನ್ನ ಬಲಗೈಯನ್ನು ಅದರ ಮೇಲಿಟ್ಟು ಅಳತೆ ಮಾಡುವವಳಂತೆ ಬೆರಳಿಗೆ ಬೆರಳು ಹೊಂದಿಸಿದಳು. ಹೊಂದಲಿಲ್ಲ, ಇನ್ನೂ ಹೊಂದುವ ಕಾಲ ಬಂದಿರಲಿಲ್ಲ. ಆಮೇಲೆ ಕೈ ಎತ್ತಿ, ನೋಯುತ್ತಿದ್ದರೂ ಪೂರ್ತಿ ವಾಕ್ಯದಲ್ಲಿ ಹೇಳಿದಳು:

‘ಈ ಕೈಗೆ ಮಾತ ಬರಂಗಿಲ್ಲ. ನನಗ ಈ ಕೈ ಬ್ಯಾಡ.’

ಚಿಕಿತ್ಸೆ ಚಳಿಗಾಲದಲ್ಲಿ ಶುರುವಾಯಿತು. ಅವಳದೇ ರಕ್ತದ ರಕ್ಷಕ ಕೋಶಗಳನ್ನು ಹೊರತೆಗೆದು, ದಾರಿ ತಪ್ಪಿದ ಕೋಶಗಳನ್ನು ಮಾತ್ರ ಗುರುತಿಸುವಂತೆ ಪಳಗಿಸಿ, ಮತ್ತೆ ಒಳಗೆ ಬಿಟ್ಟರು. ಇಂದಕ್ಕ ಗಾಜಿನ ಕೋಣೆಯಲ್ಲಿ ಮಲಗಿದಳು. ಪಕ್ಕದ ಕೋಣೆಗಳ ರೋಗಿಗಳು ಮನೆಯವರ ಜೊತೆ ಫೋನಿನಲ್ಲಿ ಮಾತಾಡಬೇಕಿತ್ತು. ಗಾಜು ದನಿಯನ್ನು ತಡೆಯುತ್ತಿತ್ತು. ಅಕ್ಕತಂಗಿಯರಿಗೆ ಗಾಜು ಅಡ್ಡಿಯೇ ಆಗಲಿಲ್ಲ. ವಾರಿಜಾ ಹೊರಗೆ ಕುರ್ಚಿ ಹಾಕಿಕೊಂಡು ಕೂತು ಊರಿನ ಸುದ್ದಿಯನ್ನೆಲ್ಲ ಕೈಯಲ್ಲಿ ಹೇಳುತ್ತಿದ್ದಳು.

ಎರಡನೆಯ ವಾರ ಇಂದಕ್ಕನಿಗೆ ಜ್ವರ ಏರಿತು. ಕಣ್ಣು ಮುಚ್ಚಿಯೇ ಮಲಗಿದ್ದಳು. ಕಣ್ಣು ಮುಚ್ಚಿದವಳ ಹತ್ತಿರ ಮಾತಾಡುವ ದಾರಿ ವಾರಿಜಾಳಿಗೆ ಇರಲಿಲ್ಲ. ಕಟ್ಟಿಯವರು ಬಂದು ಅವಳ ಪಕ್ಕ ನಿಂತರು. ಇನ್ನೊಂದು ಕುರ್ಚಿ ತಂದು ಹಾಕಿಕೊಂಡು ಕೂತರು, ಜ್ವರ ಇಳಿಯುವವರೆಗೂ ಏಳಲಿಲ್ಲ. ಒಮ್ಮೆ ಇಂದಕ್ಕ ಕಣ್ಣು ತೆರೆದಾಗ ಇಬ್ಬರೂ ಒಟ್ಟಿಗೆ ಎದ್ದು ನಿಂತರು. ಅವಳು ಬಿಳಿಗೂದಲಿನ ಕಟ್ಟಿಯವರನ್ನು ದಿಟ್ಟಿಸಿ ನೋಡಿ, ತಂಗಿಯ ಕಡೆ ತಿರುಗಿ ದುರ್ಬಲವಾಗಿ ಕೈಯಾಡಿಸಿದಳು.

“ಏನಂದ್ರು?” ಎಂದರು ಕಟ್ಟಿಯವರು.

“ನಿಮ್ಮ ಅಂಗಿ ಗುಂಡಿ ಒಂದು ಮ್ಯಾಲೆ ಒಂದು ಕೆಳಗ ಹಾಕ್ಕೊಂಡೀರಂತ, ಸರ್.”

ಕಟ್ಟಿಯವರು ಅಂಗಿ ನೋಡಿಕೊಂಡರು, ಆಮೇಲೆ ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಂಡರು.

ಬೇಸಿಗೆಯ ಹೊತ್ತಿಗೆ ಇಂದಕ್ಕನ ರಕ್ತವನ್ನು ಹಸ್ತರೇಖೆಗೆ ಮತ್ತೆ ಹಾಕಿದರು. ತಪ್ಪು ಪ್ರತಿಕಾಯಗಳು ಹುಡುಕಿದರೂ ಸಿಗಲಿಲ್ಲ. ಯಂತ್ರ ಹೊಸ ಕೈ ಬಿಡಿಸಿತು. ಇಡೀ ಸಿಬ್ಬಂದಿ ಪರದೆಯ ಮುಂದೆ ಸೇರಿತ್ತು. ಹತ್ತನೆಯ ವರ್ಷದಲ್ಲೂ ಬೆರಳುಗಳು ನೆಟ್ಟಗಿದ್ದವು. ಅದೇ ಚಿಕಿತ್ಸೆ ಪಡೆದಿದ್ದ ಉಳಿದ ಇಬ್ಬರ ಕೈಗಳೂ ಹಾಗೆಯೇ ಬಂದವು.

“ಮೊದಲನೇ ಚಿತ್ರ ಸುಳ್ಳಾತು!” ಎಂದು ಕಟ್ಟಿಯವರು ಮೇಜು ಗುದ್ದಿದರು. ಯಂತ್ರದ ಮಾತು ಸುಳ್ಳಾಗಿದ್ದಕ್ಕೆ ಅದನ್ನು ಕಟ್ಟಿದವರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಪರೀಕ್ಷೆಯನ್ನು ಎಲ್ಲ ಜಿಲ್ಲಾ ಆಸ್ಪತ್ರೆಗಳಿಗೂ ಕೊಡುವ ತೀರ್ಮಾನ ಅದೇ ವರ್ಷ ಆಯಿತು.

ಅದನ್ನು ಘೋಷಿಸುವ ಸಭೆ ಹುಬ್ಬಳ್ಳಿಯಲ್ಲಿ ನಡೆಯಿತು. ಗಣ್ಯರು, ವೈದ್ಯರು, ಪತ್ರಕರ್ತರು ಮುಂದಿನ ಸಾಲುಗಳಲ್ಲಿದ್ದರು. ಅವರ ಹಿಂದೆ ಗಿರಿಜವ್ವ ಮಗಳೊಂದಿಗೆ ಕೂತಿದ್ದಳು. ಸಭಾಂಗಣದ ಅರ್ಧಭಾಗ ಇಂದಕ್ಕನ ಶಾಲೆಯ ಮಕ್ಕಳಿಂದ ತುಂಬಿತ್ತು. ವಾರಿಜಾ ವೇದಿಕೆಯ ಮೇಲೆ ಮಾತಾಡಿದಳು. ಅವಳ ಪಕ್ಕದಲ್ಲಿ ನಿಂತು ಇಂದಕ್ಕ, ತಂಗಿಯ ಭಾಷಣವನ್ನು ಮೊದಲೇ ಓದಿಕೊಂಡು, ಅವಳ ತುಟಿ ನೋಡುತ್ತ ಕೈಮಾತಿಗೆ ತಿರುಗಿಸಿದಳು. ಪ್ರತಿಕಾಯಕ್ಕೆ, ಮುನ್ಸೂಚನೆಗೆ ಅವಳು ಹೊಸ ಸನ್ನೆಗಳನ್ನು ಕಟ್ಟಿದ್ದಳು. ಬೀಸು ಜಾಸ್ತಿ, ನಾಜೂಕು ಕಡಿಮೆ.

ಭಾಷಣ ಮುಗಿದಾಗ ಮುಂದಿನ ಸಾಲುಗಳಲ್ಲಿ ಚಪ್ಪಾಳೆ ಎದ್ದಿತು. ಹಿಂದಿನ ಸಾಲುಗಳಲ್ಲಿ ಸದ್ದಿರಲಿಲ್ಲ. ಅಲ್ಲಿ ಮಕ್ಕಳೆಲ್ಲ ಎರಡೂ ಕೈ ಮೇಲೆತ್ತಿ, ಬೆರಳು ಬಿಚ್ಚಿ, ಗಾಳಿಯಲ್ಲಿ ಅಲುಗಿಸುತ್ತಿದ್ದರು. ಕಿವುಡರ ಚಪ್ಪಾಳೆ ಅದು. ಮುಂದಿನವರು ಹಿಂತಿರುಗಿ ನೋಡಿದರು. ಒಬ್ಬೊಬ್ಬರಾಗಿ ಚಪ್ಪಾಳೆ ನಿಲ್ಲಿಸಿ ತಾವೂ ಕೈ ಎತ್ತಿದರು. ಕಟ್ಟಿಯವರು ಎತ್ತಿದರು. ಗಿರಿಜವ್ವ ಡೊಂಕು ಬೆರಳುಗಳ ಎರಡೂ ಕೈಗಳನ್ನು ಎತ್ತಿ, ಯಾರಿಗೂ ಕಡಿಮೆಯಿಲ್ಲದಂತೆ ಅಲುಗಿಸಿದಳು.

ಇಂದಕ್ಕ ತಂಗಿಯ ತೋಳು ತಟ್ಟಿದಳು. ತನಗೂ ಒಂದು ಮಾತು ಹೇಳುವುದಿದೆ ಎಂದಳು. ವಾರಿಜಾ ಮೈಕಿನ ಹತ್ತಿರ ಬಾಗಿ, ಅಕ್ಕನ ಕೈ ನೋಡುತ್ತ, ಆ ಮಾತಿಗೆ ದನಿಯಾದಳು.

“ಆರನೇ ಇಯತ್ತೆದ ಹುಡುಗ್ರು ಕೇಳ್ರಿ. ನನ್ನ ಕೈ ನೋಯ್ತಾವಂತ ಮೂರು ಸಲ ಮುಂದ ಹಾಕಿದ್ದ ಗಣಿತದ ಪರೀಕ್ಷಾ ನಾಳೆ ಮುಂಜಾನೆ ಐತಿ. ನನ್ನ ಕೈ ಈಗ ಛಲೋ ಅದಾವು.”

ಆರನೆಯ ತರಗತಿಯ ಸಾಲಿನಲ್ಲಿ ಎತ್ತಿದ್ದ ಕೈಗಳೆಲ್ಲ ಒಮ್ಮೆಗೇ ಕೆಳಗಿಳಿದವು.